ಕೇಳಪ್ಪನವರು

ಅವರ ನಿಜವಾದ ಹೆಸರು ಬೇರೆ. ದಿನಕ್ಕೆ ನಲವತ್ತು ಸಲ "ಮಾಡೋಕ್ ಮುಂಚೆ ನನ್ನನ್ನೊಂದ್ ಮಾತು ಕೇಳಪ್ಪ" ಅನ್ನುತ್ತಿದ್ದರು, ಲೋಡಿಂಗ್ ಹುಡುಗರು ಅದನ್ನೇ ಹೆಸರು ಮಾಡಿದರು. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಅವರು ಆಪರೇಷನ್ಸ್ ಮ್ಯಾನೇಜರ್. ಸರಕು ಪ್ಯಾಕ್ ಆಗುವುದರಿಂದ ಹಿಡಿದು ಲಾರಿ ಗೇಟು ದಾಟುವವರೆಗೆ ಎಲ್ಲಕ್ಕೂ ಅವರದೇ ಹೊಣೆ. ಡಿಸ್ಪ್ಯಾಚ್‌ನಲ್ಲಿ ಹನ್ನೊಂದು ವರ್ಷ ನಾನು ಅವರ ಕೈಕೆಳಗಿದ್ದೆ. ನಿಮ್ಮ ಆಫೀಸಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹುಡುಗರು ಇಟ್ಟ ಹೆಸರು ಬೇರೆಯಿರಬಹುದು, ಅಷ್ಟೆ.

ಮದುವೆಮನೆಯಲ್ಲಿ ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಸೋದರಮಾವನನ್ನು ನೋಡಿದ್ದೀರಲ್ಲ? ಅಡುಗೆಭಟ್ಟರಿಗೆ ಒಂದು ಹಿಡಿ ಗೋಡಂಬಿ ಬೇಕಾದರೂ ಮಾವನನ್ನು ಹುಡುಕಬೇಕು, ಮಾವ ಮಾತ್ರ ಛತ್ರದ ಆ ತುದಿಯಲ್ಲಿ ಬೀಗರ ಜೊತೆ ಕಾಫಿ ಕುಡಿಯುತ್ತಿರುತ್ತಾನೆ. ಕೇಳಪ್ಪನವರು ಆ ಮಾವ. ವ್ಯತ್ಯಾಸವೇನೆಂದರೆ ನಮ್ಮಲ್ಲಿ ವರ್ಷದ ಮುನ್ನೂರು ದಿನವೂ ಮದುವೆ. ಅವರು ಶೆಡ್ಡಿಗೆ ಕಾಲಿಟ್ಟರೆ ಹಿಂದೆ ನಾಲ್ಕೈದು ಜನ ಚೀಟಿ ಹಿಡಿದು ನಡೆಯುತ್ತಿದ್ದರು. "ಸಾರ್, ಲೇಬಲ್ ಎಡಕ್ಕಾ ಬಲಕ್ಕಾ?" "ಸಾರ್, ಕ್ಯಾಂಟರ್ ಹಿಂದಕ್ಕೆ ಹಾಕ್ಸೋದಾ ಮುಂದಕ್ಕಾ?" ಕೇಳಪ್ಪನವರು ಕಣ್ಣು ಮುಚ್ಚಿ ಎರಡು ಕ್ಷಣ ಯೋಚಿಸಿ ಅಪ್ಪಣೆ ಕೊಡುತ್ತಿದ್ದರು.

ಒಂದು ಸಂಜೆ ಹೊಸೂರಿನ ಲೋಡು ಹೊರಟು ನಿಂತಿತ್ತು. ಕಂಪನಿಯ ಹೆಸರು ಅಚ್ಚಾದ ಟೇಪು ಮುಗಿದಿತ್ತು. ಎದುರಿನ ಅಂಗಡಿಯಲ್ಲಿ ಮಾಮೂಲಿ ಕಂದು ಟೇಪು ಇತ್ತು, ಹನ್ನೆರಡು ರೋಲಿಗೆ 480 ರೂಪಾಯಿ. ಸಾರ್ ಮೀಟಿಂಗಿನಲ್ಲಿ, ಫೋನು ಸೈಲೆಂಟ್. ಎಂಟು ಗಂಟೆಗೆ ಅಂಗಡಿಯವನು ನಮ್ಮನ್ನು ನೋಡುತ್ತಲೇ ಷಟರ್ ಎಳೆದ. ಲಾರಿ ರಾತ್ರಿಯೆಲ್ಲ ನಿಂತಿತು. ಬೆಳಿಗ್ಗೆ ಹಾಲ್ಟಿಂಗ್ ಚಾರ್ಜು 1,500 ರೂಪಾಯಿಯ ವೋಚರಿಗೆ ಕೇಳಪ್ಪನವರು ಕಣ್ಣು ಕೂಡ ಮಿಟುಕಿಸದೆ ಸಹಿ ಹಾಕಿದರು. "ಹಾಲ್ಟಿಂಗ್‌ಗೆ ಬಜೆಟ್ ಇದೆ ಕಣಯ್ಯಾ. ಟೇಪಿಗೆ ಇಂಡೆಂಟ್ ಬೇಕು."

ಇದೇ ಕೈಯಲ್ಲಿ ಸಾಗಣೆಯ ವಾರ್ಷಿಕ ಕಾಂಟ್ರ್ಯಾಕ್ಟ್ ಫೈಲು ಎರಡು ತಿಂಗಳು ಕೊಳೆಯಿತು. ಒಂದಿಡೀ ವರ್ಷ ಯಾವ ಊರಿಗೆ ಎಷ್ಟು ಬಾಡಿಗೆ, ಡೀಸೆಲ್ ಏರಿದರೆ ಯಾರ ತಲೆಗೆ, ಎಲ್ಲ ಅದರಲ್ಲಿತ್ತು. ಕೊನೆಯ ದಿನ ಸಂಜೆ ಐದೇ ನಿಮಿಷದಲ್ಲಿ ಸಹಿಯಾಯಿತು, ಏಕೆಂದರೆ ಕ್ಯಾಂಟೀನಿನ ಚಹಾ ಲೋಟದ ಅಳತೆಯ ಬಗ್ಗೆ ಕೇಳಲು ಜನ ಕಾಯುತ್ತಿದ್ದರು. ಪಾರ್ಕಿನ್ಸನ್ ಎಂಬ ಇಂಗ್ಲಿಷ್ ಲೇಖಕ 1957ರಲ್ಲೇ ಇಂಥ ಒಂದು ಸಮಿತಿಯನ್ನು ಚಿತ್ರಿಸಿದ್ದಾನೆ. ಅದು ಅಣು ರಿಯಾಕ್ಟರಿಗೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಟ್ಟು, ಸೈಕಲ್ ಶೆಡ್ಡಿನ ಮೇಲೆ 45 ನಿಮಿಷ ಜಗಳವಾಡುತ್ತದೆ. ಆತ ಪೀಣ್ಯಕ್ಕೆ ಬಂದಿರಲಾರ.

ಹಾಗಂತ ಕೆಟ್ಟ ಮನುಷ್ಯರಲ್ಲ. ರಾತ್ರಿ ಎರಡಕ್ಕೆ ಫೋನ್ ಮಾಡಿದರೂ ಎರಡನೇ ರಿಂಗಿಗೆ ಎತ್ತುತ್ತಿದ್ದರು, ಸಿಡುಕುತ್ತಿರಲಿಲ್ಲ. ಇನ್ನೊಂದು ಸೋಜಿಗವನ್ನೂ ಹೇಳಬೇಕು. ಒಂದು ವಾರ ಕುತೂಹಲಕ್ಕೆ ಲೆಕ್ಕ ಇಟ್ಟೆ. ನಾನು ಕೇಳಿದ್ದು 63 ಪ್ರಶ್ನೆ. ಅದರಲ್ಲಿ 61ಕ್ಕೆ ಅವರ ಉತ್ತರ "ಹಾಗೇ ಮಾಡು". ಉಳಿದ ಎರಡಕ್ಕೆ "ಊಟ ಆದ್ಮೇಲೆ ಹೇಳ್ತೀನಿ" ಅಂದಿದ್ದರು. ಅವರ ಊಟ ಮುಗಿಯುವಷ್ಟರಲ್ಲಿ ಅವೆರಡೂ ತಾವಾಗಿಯೇ ಆಗಿಹೋಗಿದ್ದವು.

ಆಡಳಿತ ಮಂಡಳಿಗೂ ವಾಸನೆ ಬಡಿದಿರಬೇಕು, ಒಂದು ಶನಿವಾರ ಹೋಟೆಲೊಂದರಲ್ಲಿ ತರಬೇತಿ ಇಡಿಸಿತು. ತರಬೇತಿ ಕೊಡಲು ಬಂದಾತ ಟೊಯೊಟಾದ ಕಥೆ ಹೇಳಿದ, ನಮ್ಮ ಬಿಡದಿಯಲ್ಲೂ ಕಾರು ಮಾಡುತ್ತಾರಲ್ಲ, ಅವರೇ. ಅವರ ಪದ್ಧತಿಯಲ್ಲಿ ಕಾರು ಜೋಡಿಸುವ ಸಾಲಿನ ಉದ್ದಕ್ಕೂ ಒಂದು ಹಗ್ಗವಿರುತ್ತದಂತೆ. ತಪ್ಪು ಕಂಡರೆ ಯಾವ ಕಾರ್ಮಿಕ ಬೇಕಾದರೂ ಎಳೆಯಬಹುದು. ದೀಪ ಹತ್ತುತ್ತದೆ, ತಂಡದ ಮುಖ್ಯಸ್ಥ ಓಡಿಬರುತ್ತಾನೆ, ಕಾರು ಆ ಜಾಗ ದಾಟುವುದರೊಳಗೆ ಸರಿಯಾಗದಿದ್ದರೆ ಸಾಲು ನಿಲ್ಲುತ್ತದೆ. ಕೇಳಪ್ಪನವರು ಕೈ ಎತ್ತಿದರು. "ಹಗ್ಗ ಎಳೆಯೋಕ್ ಮುಂಚೆ ಯಾರನ್ನ ಕೇಳ್ತಾರೆ?"

ಆತ ನೀರು ಕುಡಿದು ಅಮೆಜಾನ್‌ಗೆ ಬಂದ. ಅದರ ಆಗಿನ ಯಜಮಾನ ಜೆಫ್ ಬೆಜೋಸ್ 2015ನೇ ವರ್ಷದ ಪತ್ರದಲ್ಲಿ ಷೇರುದಾರರಿಗೆ ಹೇಳಿದ್ದು ಇದು: ತೀರ್ಮಾನಗಳಿಗೆ ಎರಡು ಬಗೆಯ ಬಾಗಿಲು. ಒಂದನ್ನು ದಾಟಿದರೆ ಹಿಂದಿರುಗಲಾಗದು, ಅಲ್ಲಿ ನಿಧಾನಿಸಿ. ಇನ್ನೊಂದು ಹೋಗಿ ನೋಡಿ ವಾಪಸು ಬರಬಹುದಾದ್ದು, ಅದನ್ನು ವಿವೇಚನೆಯುಳ್ಳ ಒಬ್ಬರೋ ಸಣ್ಣ ಗುಂಪೋ ಬೇಗ ತೀರ್ಮಾನಿಸಲಿ. ಕೇಳಪ್ಪನವರು ನೋಟ್‌ಬುಕ್ಕಿನಲ್ಲಿ ಅಚ್ಚುಕಟ್ಟಾಗಿ ಎರಡು ಬಾಗಿಲು ಬರೆದುಕೊಂಡರು. ಆಮೇಲೆ ನನ್ನ ಕಿವಿಯಲ್ಲಿ, "ಬಾಗಿಲು ಎಷ್ಟಾದ್ರೂ ಇರ್ಲಿ ಬಿಡಯ್ಯಾ, ಬೀಗದ ಕೈ ಒಂದ್ಕಡೆ ಇರ್ಬೇಕು."

ಆ ವರ್ಷವೇ ಅವರು ಮನೆಮಂದಿಯೊಂದಿಗೆ ತಿರುಪತಿಗೆ ಹೋದರು. ತಿರುಮಲದ ದರ್ಶನದ ಸಾಲಿಗೆ ಮೊಬೈಲ್ ಬಿಡುವುದಿಲ್ಲ, ಕೌಂಟರಿನಲ್ಲಿ ಕೊಟ್ಟು ಹೋಗಬೇಕು. ಹೀಗಾಗಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಏಳು ಗಂಟೆ, ಕೇಳಪ್ಪನವರು ಭೂಮಿಯ ಮೇಲಿದ್ದೂ ಇರಲಿಲ್ಲ.

ಮೊದಲ ಗಂಟೆ ನಾವು ತಾಯಿ ಕಳೆದುಕೊಂಡ ಕರುಗಳ ಹಾಗೆ ಓಡಾಡಿದೆವು. ಹನ್ನೊಂದಕ್ಕೆ ಹುಬ್ಬಳ್ಳಿಯ ಲಾರಿ ನೆಲಮಂಗಲದ ಬಳಿ ಕೆಟ್ಟು ನಿಂತಿತು. ಟ್ರಾನ್ಸ್‌ಪೋರ್ಟಿನವನು ಬೇರೆ ಲಾರಿ ಕಳಿಸಿದ, ಆದರೆ ಸರಕಿನ ಜೊತೆ ಇರಬೇಕಾದ ಇ-ವೇ ಬಿಲ್ಲಿನಲ್ಲಿ ಹಳೆಯ ಲಾರಿಯ ನಂಬರೇ ಇತ್ತು. ಹಾಗೇ ಹೋಗಿ ದಾರಿಯಲ್ಲಿ ತಪಾಸಣೆಯವರ ಕೈಗೆ ಸಿಕ್ಕಿಬಿದ್ದರೆ ತೆರಿಗೆಯ ಎರಡು ಪಟ್ಟು ದಂಡ ಕೇಳುತ್ತಾರೆ. ಕಂಪ್ಯೂಟರ್ ಮುಂದಿದ್ದ ಹುಡುಗಿ ಸೇರಿ ಎರಡೇ ತಿಂಗಳು. ಪೋರ್ಟಲ್ ತೆಗೆದು, ಬಿಲ್ಲಿನ ಪಾರ್ಟ್-ಬಿಯಲ್ಲಿ ಹೊಸ ನಂಬರ್ ಹೊಡೆದು, ಪ್ರಿಂಟ್ ತೆಗೆದು, ಚಾಲಕನ ವಾಟ್ಸಾಪಿಗೆ ಕಳಿಸಿ, ಟಿಫನ್ ಡಬ್ಬಿ ಬಿಚ್ಚಿದಳು. ಅದನ್ನೂ ಕೇಳಿ ಮಾಡಬೇಕು ಅಂತ ಅವಳಿಗೆ ಇನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳನ್ನು ನೋಡಿ ನಮಗೂ ಧೈರ್ಯ ಬಂತು. ಮತ್ತೆ ಟೇಪು ಮುಗಿದಾಗ ನಾನೇ ರಸ್ತೆ ದಾಟಿ ಕಂದು ಟೇಪು ತಂದೆ. ನನ್ನ ದುಡ್ಡಲ್ಲಿ. ಕೈ ನಡುಗುತ್ತಿದ್ದದ್ದು ನಿಜ. ಸಂಜೆಗೆ ಹದಿನಾಲ್ಕು ಗಾಡಿ ಹೊರಟಿದ್ದವು.

ಮರುದಿನ ನುಣ್ಣಗಿನ ತಲೆಯಲ್ಲಿ ಬಂದ ಕೇಳಪ್ಪನವರು ಎಲ್ಲರಿಗೂ ಲಡ್ಡು ಹಂಚಿ, "ಏನಾದ್ರೂ ತೊಂದ್ರೆ ಆಯ್ತೇನ್ರಯ್ಯಾ?" ಎಂದರು. ಇಲ್ಲ ಅಂದೆವು. ಅವರ ಮುಖ ಸಣ್ಣದಾಯಿತು. ರಿಜಿಸ್ಟರ್ ತರಿಸಿ ಬೆರಳಿಟ್ಟು ಸಾಲು ಸಾಲು ಓದಿದರು. ನಮಗೇ ಅಯ್ಯೋ ಅನಿಸಿತು. ಕೊನೆಗೆ ಉಳಿದಿದ್ದ ಒಂದು ಸರಕಿನ ಡಬ್ಬಿ ಅವರ ಕಣ್ಣಿಗೆ ಬಿತ್ತು. "ನೋಡಿದ್ರಾ? ಟೇಪಿನ ಮೇಲೆ ಕಂಪನಿ ಹೆಸರೇ ಇಲ್ಲ! ನನ್ನನ್ನೊಂದ್ ಮಾತು ಕೇಳಿದ್ರೆ ಏನಾಗ್ತಿತ್ತು?" ಮುಖಕ್ಕೆ ರಕ್ತ ವಾಪಸು ಬಂತು.

ಆದರೂ ಮ್ಯಾನೇಜ್‌ಮೆಂಟ್ ಬಿಡಲಿಲ್ಲ. ಯಾರು ಏನನ್ನು ತಾವೇ ತೀರ್ಮಾನಿಸಬಹುದು ಅಂತ ಒಂದು ಪಟ್ಟಿ ಮಾಡಿಸಿ, ಲ್ಯಾಮಿನೇಟ್ ಹಾಕಿಸಿ, ಶೆಡ್ಡಿನ ಗೋಡೆಗೆ ಹೊಡೆಸಿತು. ಮೊದಲ ಸಾಲು: 500 ರೂಪಾಯಿ ಒಳಗಿನ ಖರೀದಿ, ಡಿಸ್ಪ್ಯಾಚ್ ಸೂಪರ್‌ವೈಸರ್. ಅಂದರೆ ನಾನು. ಕೇಳಪ್ಪನವರು ಒಂದು ವಾರ ಚೀಟಿಗಳಿಲ್ಲದೆ ಶೆಡ್ಡಿನಲ್ಲಿ ಒಬ್ಬರೇ ನಡೆದರು.

ಎಂಟನೇ ದಿನ ಸಂಜೆ ಏಳೂವರೆಗೆ ಟೇಪು ಮುಗಿಯಿತು. ಗೋಡೆಯ ಪಟ್ಟಿಯನ್ನು ಓದಿದೆ. ಅಂಗಡಿಯವನು ಷಟರಿನ ಕೋಲು ಹಿಡಿದು ನನ್ನನ್ನೇ ನೋಡುತ್ತಿದ್ದ. ನಾಳೆ ಇದು ತಪ್ಪು ಅಂತಾದರೆ "ಸಾರ್ ಹೇಳಿದ್ರು" ಅನ್ನಲು ಆಗುವುದಿಲ್ಲವಲ್ಲ ಅನಿಸಿತು. ಫೋನ್ ಹಚ್ಚಿದೆ. ಎರಡನೇ ರಿಂಗಿಗೆ ಎತ್ತಿದರು.

"ಸಾರ್, ಐನೂರು ಅಂದ್ರೆ ಜಿಎಸ್‌ಟಿ ಸೇರಿಸಿನಾ, ಬಿಟ್ಟಾ?"

ಆ ಕಡೆ ಒಂದು ದೀರ್ಘ ಉಸಿರು ಕೇಳಿಸಿತು. "ಒಳ್ಳೇ ಪ್ರಶ್ನೆ ಕಣಯ್ಯಾ. ಏನೂ ಮಾಡ್ಬೇಡ, ಇರು, ನಾನೇ ಬಂದೆ."