ಮೃತಪಂಕ್ತಿ ಸಂಮಾರ್ಜನ ಮೀಮಾಂಸೆ

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಒಂದು ಸಾಲನ್ನು ತಿದ್ದಿದೊಡನೆ ಹಳೆಯ ಸಾಲು ಅಳಿಯದೆ, ಹೊಸದರ ಪಕ್ಕದಲ್ಲಿ ಪ್ರೇತರೂಪದಿಂದ ನೆಲಸುತ್ತದೆ. ಈ ಪ್ರೇತಗಳಿಗೆ ಗತಿ ಕಾಣಿಸುವ ಕರ್ಮಕ್ಕೆ ವ್ಯಾಕ್ಯೂಮ್ ಎಂದೂ, ಅದು ಯಜಮಾನನ ಸಂಕಲ್ಪವಿಲ್ಲದೆ ತಾನಾಗಿ ಜರುಗಿದರೆ ಆಟೋವ್ಯಾಕ್ಯೂಮ್ ಎಂದೂ ವ್ಯವಹಾರವುಂಟು. ಸದರಿ ಕರ್ಮವು ಮೊದಲಿನಿಂದಲೇ ಪ್ರವೃತ್ತವಾಗಿರತಕ್ಕುದೋ, ಅಪ್ಪಣೆಗೆ ಕಾದಿರತಕ್ಕುದೋ ಎಂಬಲ್ಲಿ ಆಚಾರ್ಯರೊಳಗೆ ಮತಭೇದವಿರುವುದರಿಂದ ಯಥಾಮತಿ ವಿಚಾರಿಸುತ್ತೇವೆ.

ವಾದಿಗಳು ತ್ರಿವಿಧ. ಮಾಡದಿದ್ದರೆ ದೋಷವೆನ್ನುವವರು ನಿತ್ಯವಾದಿಗಳು. ಡಿಸ್ಕು ತುಂಬಿದ ನಿಮಿತ್ತ ಒದಗಿದಾಗ ಮಾತ್ರ ಮಾಡಬೇಕೆನ್ನುವವರು ನೈಮಿತ್ತಿಕವಾದಿಗಳು. ಬೇಕಾದವನು ಮಾಡಿಕೊಳ್ಳಲಿ ಎನ್ನುವವರು ಕಾಮ್ಯವಾದಿಗಳು. ಈ ಕಡೆಯವರಲ್ಲಿ ಸಾಲಸ್ಯ, ನಿರಾಲಸ್ಯ ಮೊದಲಾಗಿ ಹದಿನಾರು ಅವಾಂತರಭೇದಗಳುಂಟು. ಎರಡನೆಯದಕ್ಕೇ ಆಕಳಿಕೆ ಬಂದುದರಿಂದ ಉಳಿದವನ್ನು ವಾಚಕರು ಊಹಿಸಿಕೊಳ್ಳತಕ್ಕದ್ದು.

2005ರ 8.1ನೆಯ ಆವೃತ್ತಿಯಲ್ಲಿ ಈ ಸಂಮಾರ್ಜಕನಿಗೆ ಒಳಾಂಗಣಪ್ರವೇಶ ದೊರೆಯಿತಾದರೂ ಅಪ್ಪಣೆಯಿಲ್ಲದೆ ಪೊರಕೆ ಎತ್ತುವಂತಿರಲಿಲ್ಲ. ಆ ಸ್ವಾತಂತ್ರ್ಯ ಬಂದುದು 2008ರ 8.3ರಲ್ಲಿ. ಅದು ತಾನಾಗಿ ಎದ್ದರೆ ವೇಗಹಾನಿಯಾಗುತ್ತದೆಂಬುದು ಪೂರ್ವಪಕ್ಷ. ಸಮಾಧಾನವೇನೆಂದರೆ, ಕೋಟಿ ಸಾಲುಗಳ ಕೋಷ್ಟಕದಲ್ಲಿ ಮಾಮೂಲಾಗಿ ಸುಮಾರು ಇಪ್ಪತ್ತು ಲಕ್ಷ ಸತ್ತ ಹೊರತು ಅದು ಮೈಮುರಿಯುವುದೇ ಇಲ್ಲ; ಎದ್ದರೂ ಕೊಂಚ ಗುಡಿಸಿ ಕೊಂಚ ಮಲಗುವುದೇ ಅದರ ವಿಧಿ. ಇಂಥ ಮೃದುಜೀವಿಯನ್ನು ಹಿಡಿದು ಕಟ್ಟಿಹಾಕಿ, ಬಳಿಕ ಎಂಜಲೆಲೆ ತೆಗೆಯದೆ ಮುಂದಿನ ಪಂಕ್ತಿಯನ್ನು ಕೂರಿಸಿದವರಂತೆ, ಊಟ ನಿಧಾನವಾಯಿತೆಂದು ಅಡುಗೆಯವನನ್ನು ಗದರುವುದು ಯಾವ ಶಾಸ್ತ್ರ?

ಪಾಂಡಿತ್ಯ ಇಷ್ಟು ಸಾಕು. ತನ್ನ ವ್ಯವಸ್ಥೆಯ ಹೊರೆಯನ್ನು ನಿರ್ವಾಹಕನೇ ಬಲ್ಲನೆಂದು ಗಂಟೆಗಟ್ಟಲೆ ಉಪನ್ಯಾಸ ಮಾಡಿ, ಆಟೋವ್ಯಾಕ್ಯೂಮನ್ನು ಆಫ್ ಮಾಡಿ, ಭತ್ಯೆ ಎಣಿಸಿಕೊಂಡು ಹೋದ ಮಹಾಶಯರಲ್ಲಿ ಒಬ್ಬರಾದರೂ ಅಪರಾತ್ರಿಯಲ್ಲಿ ಎದ್ದುಬಂದುದನ್ನು ನಾನು ಕಾಣೆ. ಎದ್ದು ಬರುವವನು ಹೊಸದಾಗಿ ಸೇರಿದ ಹುಡುಗ. ಆಫ್ ಮಾಡಿದ್ದರೆಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ. ಗುಡಿಸಿದ ದಿನಗಳಿಗೆ ಲೆಕ್ಕವಿಲ್ಲ, ಗುಡಿಸದ ರಾತ್ರಿಗೆ ಮಾತ್ರ ನೋಟಿಸು, ಅದೂ ಅವನ ಹೆಸರಿಗೇ.

ಪ್ರತಿ ವ್ಯವಹಾರಕ್ಕೂ (ಟ್ರಾನ್ಸಾಕ್ಷನ್) ಕೊಡುವ ಸಂಖ್ಯೆಗಿರುವುದು 32 ಬಿಟ್ಟುಗಳ ಅವಕಾಶವಷ್ಟೆ; ಅದು ತೀರಿ ಮತ್ತೆ ಮೊದಲಿಗೆ ಸುತ್ತಿದರೆ ಹಳತು ಹೊಸತುಗಳ ವಿವೇಕ ಕೆಡುತ್ತದೆ. ಆದುದರಿಂದ ಕೋಷ್ಟಕದ ವಯಸ್ಸು ಇಪ್ಪತ್ತು ಕೋಟಿ ವ್ಯವಹಾರಗಳನ್ನು ದಾಟಿದೊಡನೆ, ಆಫ್ ಆಗಿದ್ದರೂ ಲಕ್ಷಿಸದೆ, ಆಟೋವ್ಯಾಕ್ಯೂಮ್ ಎದ್ದು ನಿಲ್ಲುತ್ತದೆ. ಆಗ ಮಹಾಶಯರು ಫೋನಿನಲ್ಲಿ, “ಯಾರಯ್ಯಾ ಅದನ್ನು ಎಬ್ಬಿಸಿದವರು? ಕೊಲ್ಲು!” ಎನ್ನುತ್ತಾರೆ. ಹುಡುಗ ಕೊಲ್ಲುತ್ತಾನೆ. ನಿಮಿಷ ಕಳೆಯುವಷ್ಟರಲ್ಲಿ ಅದು ಮತ್ತೆ ಏಳುತ್ತದೆ. ಮತ್ತೆ ಕೊಲ್ಲುತ್ತಾನೆ. ಮೂರನೆಯ ಸಲ ಎದ್ದಾಗ ಮಹಾಶಯರು ಸಭೆ ಕರೆಯುತ್ತಾರೆ.