ಮೆಣಸು ಸಿಕ್ಕಿತೇ?

ಲೇಬಲ್ ಕಂಡರೆ ‘ಆಹಾ’ ಎನ್ನುವ ವೈನ್‌ಪಂಡಿತರು, ಬಾಟಲಿಗೆ ಪೇಪರ್ ಸುತ್ತಿಬಿಟ್ಟರೆ ಪಕ್ಕದವರ ಮುಖ ನೋಡುತ್ತಾರೆ. ಮೊನ್ನೆ ಭಾವನ ಮನೆಯಲ್ಲಿ ಆದದ್ದೂ ಅದೇ. ಮೂರೂ ಶಿರಾಜ್ ದ್ರಾಕ್ಷಿಯ ಕೆಂಪು ವೈನ್: ಫ್ರಾನ್ಸಿನ ರೋನ್ ಕಣಿವೆಯದೊಂದು, ಆಸ್ಟ್ರೇಲಿಯಾದ ಬರೋಸಾದ್ದೊಂದು, ನಮ್ಮ ನಂದಿಬೆಟ್ಟದ ಬುಡದ್ದೊಂದು. ಪೇಪರ್ ಸುತ್ತಿ ನಂಬರ್ ಬರೆದವಳು ಅಕ್ಕ. ಅವಳು ಕುಡಿಯುವುದಿಲ್ಲ, ಹಾಗಾಗಿ ಅವಳ ಮೇಲೆ ಎಲ್ಲರಿಗೂ ನಂಬಿಕೆ.

ಬಂದವರಲ್ಲೊಬ್ಬರು ಈ ದ್ರಾಕ್ಷಿ ಇರಾನಿನ ಶಿರಾಜ್ ಊರಿನದೆಂದು ಪುರಾಣ ತೆಗೆದರು. ಕೇಳಲು ಚೆನ್ನಾಗಿತ್ತು. ಆದರೆ 1998ರಲ್ಲೇ ಡಿಎನ್‌ಎ ಜಾತಕ ನೋಡಿ ಆಗಿದೆ: ತಂದೆತಾಯಿ ದುರೆಜಾ ಮತ್ತು ಮೊಂದ್ಯೂಸ್ ಬ್ಲಾಂಶ್, ಎರಡೂ ಆಗ್ನೇಯ ಫ್ರಾನ್ಸಿನ ತಳಿಗಳು. ಇರಾನಿಗೆ ನಂಟಿಲ್ಲ.

ಶಿರಾಜ್‌ನಲ್ಲಿ ಹುಡುಕಬೇಕಾದದ್ದು ಕಾಳುಮೆಣಸಿನ ಘಾಟು. ತಂಪು ಸೀಮೆಯ ಹಣ್ಣಿನಲ್ಲಿ ಅದು ಎದ್ದು ಬರುತ್ತದೆ, ಬಿಸಿಲಲ್ಲಿ ಚೆನ್ನಾಗಿ ಮಾಗಿದ್ದರಲ್ಲಿ ಜಾಮಿನ ಸಿಹಿವಾಸನೆಯೇ ಮುಂದು. ಒಂದನೇ ಲೋಟವನ್ನು ಅಲುಗಿಸಿ ಮೂಗು ಇಳಿಸಿದೆ. ಮೊದಲು ನೇರಳೆಹಣ್ಣು, ಆಮೇಲೆ ಒರಳಿನಲ್ಲಿ ಆಗತಾನೆ ಜಜ್ಜಿದ ಮೆಣಸು. ಮಲೆನಾಡಿನವರಿಗೆ ಇದನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಭಾವನಿಗೆ ಮಾತ್ರ ಏನೂ ಸಿಗಲಿಲ್ಲ. ಮೂರು ಸಲ ಮೂಸಿದರು, ನಾಲ್ಕನೆಯ ಸಲ ಕಣ್ಣುಮುಚ್ಚಿ ಮೂಸಿದರು. ಪಾಪ, ಅವರ ತಪ್ಪಲ್ಲ. ಆ ಘಾಟಿಗೆ ಕಾರಣ ರೊಟಂಡೋನ್ ಎಂಬ ವಸ್ತು, ಮೆಣಸಿನಲ್ಲಿರುವುದೂ ಅದೇ ಎಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಅವರು ಮೂಸಲು ಕೂರಿಸಿದವರಲ್ಲಿ ಐವರಿಗೊಬ್ಬರಂತೆ, ಎಷ್ಟು ಬೆರೆಸಿಕೊಟ್ಟರೂ ಅದು ಗೊತ್ತೇ ಆಗಲಿಲ್ಲ.

ಇದನ್ನು ಹೇಳಿದ್ದೇ ತಡ, ಅಕ್ಕ ಅಡಿಗೆಮನೆಯಿಂದ ಹೊರಬಂದಳು. “ರೀ, ಸಾರಿಗೆ ಮೆಣಸು ಹಾಕೋದು ಮರೆತ ದಿನವೂ ‘ಚೆನ್ನಾಗಿದೆ’ ಅಂತ ಉಣ್ತೀರಲ್ಲ, ಅದೂ ಇದೇನಾ?”

“ವಿಜ್ಞಾನ ಕಣೇ,” ಎಂದರು ಭಾವ, ನಿರಾಳವಾಗಿ.

ಅಂಕ ಹಾಕುವಾಗ ಎಲ್ಲರೂ ಗಂಭೀರರಾದರು. ಒಂದನೆಯದಕ್ಕೆ ಗೌರವ, ಮೂರನೆಯದಕ್ಕೆ ಮೆಚ್ಚುಗೆ. ಎರಡನೆಯದು ತೀರಾ ಜಾಮು, ನಯನಾಜೂಕಿಲ್ಲ ಎಂದು ಒಮ್ಮತದಿಂದ ಕೆಳಗಿಳಿಸಿದೆವು. ಪೇಪರ್ ಬಿಚ್ಚುವ ಮೊದಲು ಇನ್ನೊಂದು ಸುತ್ತು ಆಗಲಿ ಎಂದು ಭಾವ ಬಾಟಲಿ ಎತ್ತಿದರು. ಒಂದನೆಯದೂ ಮೂರನೆಯದೂ ಅರ್ಧಕ್ಕಿಂತ ಹೆಚ್ಚೇ ಉಳಿದಿದ್ದವು. ಆ ಎರಡನೆಯದನ್ನು ಬಗ್ಗಿಸಿದರೆ ತೊಟ್ಟೂ ಬೀಳಲಿಲ್ಲ.