ದಂತಕಿಟ್ಟ ಮೀಮಾಂಸೆ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯ ವರ್ಜೀನಿಯಾ ಹೊಗೆಸೊಪ್ಪು ಬ್ಯಾರನ್ನಿನಲ್ಲಿ ಬೆಂದು, ಕಟ್ಟೆಮಳಲವಾಡಿ, ಚಿಲ್ಕುಂದಗಳ ಹರಾಜು ಮಾರುಕಟ್ಟೆಯಲ್ಲಿ ಬಣ್ಣಕ್ಕೆ ತಕ್ಕ ಬೆಲೆ ಪಡೆಯುತ್ತದೆಯಾದರೂ, ಅಂಥದೇ ಬಣ್ಣ ರೈತನ ಹಲ್ಲಿನ ಮೇಲೆ ಕಂಡಾಗ ದಂತವೈದ್ಯರು ಬೆಲೆ ಕೂಗುವುದಿಲ್ಲ, ಬದಲಿಗೆ ಕುರ್ಚಿ ತೋರಿಸುತ್ತಾರೆ. ಎಲೆಯಡಿಕೆ, ಕಡ್ಡಿಪುಡಿ, ಬೀಡಿಗಳ ಬಣ್ಣ ಮೇಲುಮೇಲಿನದು. ನಿಜವಾದ ತಂಟೆಕೋರ ಪ್ಲಾಕ್, ಅಂದರೆ ಬ್ಯಾಕ್ಟೀರಿಯಾಗಳ ಅಂಟುಪೊರೆ, ಜೊಲ್ಲಿನಲ್ಲಿರುವ ಖನಿಜಗಳನ್ನು ಹೀರಿ ಗಟ್ಟಿಯಾದಾಗ ಕಿಟ್ಟವೆನಿಸಿಕೊಳ್ಳುತ್ತದೆ, ಮತ್ತು ಜೊಲ್ಲಿನ ನಾಳಗಳು ನಾಲಗೆಯಡಿಯಲ್ಲಿ ತೆರೆದುಕೊಳ್ಳುವುದರಿಂದ ಕೆಳಗಿನ ಮುಂಬಲ್ಲುಗಳ ಹಿಂಬದಿಯಲ್ಲೇ ಹೆಚ್ಚಾಗಿ ಬೀಡುಬಿಡುತ್ತದೆ.

ಇದನ್ನು ಎಬ್ಬಿಸುವ ಸ್ಕೇಲರ್ ಎಂಬ ಉಪಕರಣದ ಸಣ್ಣ ಕೊಕ್ಕೆಯು ಸಾಮಾನ್ಯವಾಗಿ ಸೆಕೆಂಡಿಗೆ 25,000 ಸಲಕ್ಕೂ ಮಿಕ್ಕಿ ಕಂಪಿಸುತ್ತದೆ. ಬಿಸಿಯಾಗದಂತೆ ನೀರು ಚಿಮ್ಮುತ್ತದೆ, ಆ ನೀರನ್ನು ತುಟಿಯಂಚಿಗೆ ಸಿಕ್ಕಿಸಿದ ಕೊಳವೆ ಗೊರಗೊರನೆ ಹೀರುತ್ತದೆ. ಬಾಯಿಯನ್ನು ಹೀಗೆ ಸಂಪೂರ್ಣವಾಗಿ ವಶಪಡಿಸಿಕೊಂಡ ಮೇಲೆಯೇ ವೈದ್ಯರಿಗೆ ಕುಶಲೋಪರಿಯ ಹುಕಿ ಬರುವುದು ಈ ವಿದ್ಯೆಯ ಅಲಿಖಿತ ಶಾಸ್ತ್ರವಾಗಿದ್ದು, "ಸೊಪ್ಪು ಎಷ್ಟಕ್ಕೆ ಹೋಯ್ತು ಗೌಡ್ರೇ?" ಎಂಬ ಪ್ರಶ್ನೆಗೆ "ಆಂ… ಆಂ…" ಎಂಬುದೇ ಸಮರ್ಪಕ ಉತ್ತರವಾಗುತ್ತದೆ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬ ನಂಬಿಕೆ ಕೆ.ಆರ್. ನಗರದ ಜಗಲಿಗಳಲ್ಲೂ ಬಲವಾಗಿದೆ. ವಾಸ್ತವದಲ್ಲಿ ಒಸಡು ಹಿಂದೆ ಸರಿದು ಆಗಲೇ ಸಡಿಲವಾಗಿದ್ದ ಹಲ್ಲನ್ನು ಕಿಟ್ಟವು ಗಾರೆಯಂತೆ ಹಿಡಿದಿಟ್ಟಿರುತ್ತದೆ, ಅದು ಹೋದಾಗ ಸಂದು ಬಯಲಾಗುತ್ತದೆ. ಒಸಡಿನಿಂದ ಕೊಂಚ ರಕ್ತ, ಕೆಲವು ದಿನ ತಣ್ಣೀರಿಗೆ ಜುಮ್ಮೆನ್ನುವ ಹಲ್ಲು, ಇವು ಸಹಜ. ಆರು ತಿಂಗಳ ಬಳಿಕ ಬರುವಂತೆ ಬರೆದುಕೊಟ್ಟ ಚೀಟಿಯು ಪ್ರಾಯಶಃ ಎಲೆಯಡಿಕೆ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಪಕ್ಕದಲ್ಲಿ ಆಶ್ರಯ ಪಡೆಯುತ್ತದೆ.